ಗಿಲ್ಬರ್ಟ್ ಜಾನ್ ಫೌಲರ್

ಗಿಲ್ಬರ್ಟ್ ಜಾನ್ ಫೌಲರ್ (1868–1953) ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರು ಹಾಗೂ ಜೀವರಸಾಯನಶಾಸ್ತ್ರಜ್ಞರು. ನಗರಗಳ ಕೊಳಚೆ ನೀರನ್ನು ಶುದ್ಧೀಕರಿಸಲು ಇಂದು ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಸಕ್ರಿಯ ಕೆಸರು ವಿಧಾನದ ಮೂಲ ಪ್ರೇರಕರೆಂದು ಅವರು ಪ್ರಸಿದ್ಧರಾಗಿದ್ದಾರೆ. ಈ ವಿಧಾನವು ಎಂಜಿನಿಯರುಗಳ ವಲಯದಲ್ಲಿ ಆಕ್ಟಿವೇಟೆಡ್ ಸ್ಲಡ್ಜ್ ಎಂಬ ಹೆಸರಿನಿಂದಲೇ ಹೆಚ್ಚು ಪರಿಚಿತವಾಗಿದೆ. ಮ್ಯಾಂಚೆಸ್ಟರ್ ನಗರದ ಕೊಳಚೆ ಶುದ್ಧೀಕರಣ ಕಾರ್ಯದಲ್ಲಿ ದೀರ್ಘಕಾಲ ತೊಡಗಿದ್ದ ಫೌಲರ್, 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅನ್ವಯಿಕ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅಲ್ಲಿ ಆರಂಭವಾದ ಜೀವರಸಾಯನಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾದರು. ಕೊಳಚೆ ನೀರಿನಲ್ಲಿರುವ ಸಾರಜನಕವು ಕೇವಲ ಮಾಲಿನ್ಯವಲ್ಲ, ಭೂಮಿಗೆ ಹಿಂದಿರುಗಬೇಕಾದ ಸಂಪತ್ತು ಎಂಬುದು ಅವರ ಭಾರತದ ಸಂಶೋಧನೆಗಳ ಹಿಂದಿದ್ದ ಮುಖ್ಯ ನಿಲುವಾಗಿತ್ತು.

ಆರಂಭಿಕ ಜೀವನ ಮತ್ತು ಶಿಕ್ಷಣ

ಫೌಲರ್ 1868ರಲ್ಲಿ ಜನಿಸಿದರು. ಮ್ಯಾಂಚೆಸ್ಟರ್‌ನ ಓವೆನ್ಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿದರು. ಈ ಕಾಲೇಜೇ ಮುಂದೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಅವರ ಆರಂಭಿಕ ಸಂಶೋಧನೆಗಳು ಶುದ್ಧ ರಸಾಯನಶಾಸ್ತ್ರಕ್ಕೆ ಸಂಬಂಧಿಸಿದವು. ಕಬ್ಬಿಣ ಮತ್ತು ಸಾರಜನಕ ಕೂಡಿ ಉಂಟಾಗುವ ಕಬ್ಬಿಣದ ನೈಟ್ರೈಡ್ ಕುರಿತು ಅವರು ಬರೆದ ಲೇಖನವು 1901ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವೇಳೆಗಾಗಲೇ ಅವರ ವೃತ್ತಿಜೀವನವು ನಗರದ ಕೊಳಚೆ ನೀರಿನ ಕಡೆಗೆ ತಿರುಗಿತ್ತು. ಆದರೆ ಸಾರಜನಕದ ವಿಷಯವು ಅವರ ಜೀವನದುದ್ದಕ್ಕೂ ಬೇರೆ ಬೇರೆ ರೂಪಗಳಲ್ಲಿ ಮುಂದುವರಿಯಿತು.

ಮ್ಯಾಂಚೆಸ್ಟರ್‌ನಲ್ಲಿ ಕಾರ್ಯ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳ ದೊಡ್ಡ ಕೇಂದ್ರವಾಗಿತ್ತು. ಅಲ್ಲಿನ ನದಿಗಳು ಮನೆಗಳ ಕೊಳಚೆಯಿಂದಲೂ ಕಾರ್ಖಾನೆಗಳ ತ್ಯಾಜ್ಯದಿಂದಲೂ ತೀವ್ರವಾಗಿ ಕಲುಷಿತಗೊಂಡಿದ್ದವು. 1894ರಲ್ಲಿ ಮ್ಯಾಂಚೆಸ್ಟರ್ ಹಡಗು ಕಾಲುವೆ ತೆರೆಯಲ್ಪಟ್ಟಿತು. ಅದೇ ವರ್ಷ ನಗರದ ಪಶ್ಚಿಮಕ್ಕಿರುವ ಡೇವಿಹ್ಯೂಮ್‌ನಲ್ಲಿ ಕೊಳಚೆ ಶುದ್ಧೀಕರಣ ಘಟಕವೂ ಕಾರ್ಯಾರಂಭ ಮಾಡಿತು. ಫೌಲರ್ ಮ್ಯಾಂಚೆಸ್ಟರ್ ನಗರಸಭೆಯ ಸೇವೆಗೆ ಸೇರಿ ಈ ಘಟಕದ ಮೇಲ್ವಿಚಾರಕರಾಗಿಯೂ ರಸಾಯನಶಾಸ್ತ್ರಜ್ಞರಾಗಿಯೂ ಕೆಲಸ ಮಾಡಿದರು. ಮುಂದೆ ನಗರಸಭೆಯ ನದಿ ಸಮಿತಿಗೆ ಸಲಹಾ ರಸಾಯನಶಾಸ್ತ್ರಜ್ಞರಾದರು. ಜೊತೆಗೆ ವಿಶ್ವವಿದ್ಯಾಲಯದಲ್ಲಿ ಬ್ಯಾಕ್ಟೀರಿಯಾ ಸಂಬಂಧಿ ರಸಾಯನಶಾಸ್ತ್ರವನ್ನು ಬೋಧಿಸಿದರು.

ಆ ಕಾಲದಲ್ಲಿ ಕೊಳಚೆಯನ್ನು ಸಂಸ್ಕರಿಸಲು ಮುಖ್ಯವಾಗಿ ಮೂರು ದಾರಿಗಳಿದ್ದವು. ಅದನ್ನು ಹೊಲಗಳಿಗೆ ಹರಿಸುವುದು ಮೊದಲನೆಯದು. ಸುಣ್ಣ ಅಥವಾ ಕಬ್ಬಿಣದ ಲವಣಗಳನ್ನು ಬೆರೆಸಿ ಗಷ್ಟನ್ನು ಕೆಳಗಿಳಿಸುವುದು ಎರಡನೆಯದು. ಜಲ್ಲಿ ಅಥವಾ ಸುಟ್ಟ ಕಲ್ಲಿದ್ದಲಿನ ತುಣುಕುಗಳನ್ನು ತುಂಬಿದ ಪಾತಿಗಳ ಮೂಲಕ ಸೋಸುವುದು ಮೂರನೆಯದು. ಸೋಸುವ ಪಾತಿಗಳಲ್ಲಿ ನಿಜವಾಗಿ ಕೆಲಸ ಮಾಡುವುದು ಜಲ್ಲಿಯಲ್ಲ, ಅದರ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳ ಪದರ ಎಂಬುದು ಅಷ್ಟರಲ್ಲಿ ತಿಳಿದಿತ್ತು. ಅಮೋನಿಯಾವು ನೈಟ್ರೇಟ್ ಆಗಿ ಬದಲಾಗುವುದು ಜೀವಿಗಳ ಕ್ರಿಯೆಯಿಂದಲೇ ಎಂದು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ 1877ರಲ್ಲಿ ತೋರಿಸಿದ್ದರು. ಆದರೆ ಪಾತಿಗಳಿಗೆ ಬಹಳ ವಿಸ್ತಾರವಾದ ಭೂಮಿ ಬೇಕಾಗುತ್ತಿತ್ತು. ಬೆಳೆಯುತ್ತಿದ್ದ ಕೈಗಾರಿಕಾ ನಗರಗಳಲ್ಲಿ ಅಷ್ಟು ಭೂಮಿ ದೊರೆಯುವುದು ಕಷ್ಟವಾಗಿತ್ತು.

1898ರಲ್ಲಿ ನೇಮಕಗೊಂಡ ಕೊಳಚೆ ವಿಲೇವಾರಿ ಕುರಿತ ಬ್ರಿಟನ್ನಿನ ರಾಜ ಆಯೋಗವು 1912ರ ತನ್ನ ಎಂಟನೆಯ ವರದಿಯಲ್ಲಿ ನದಿಗೆ ಬಿಡುವ ನೀರಿಗೆ ಒಂದು ಮಾನದಂಡವನ್ನು ಸೂಚಿಸಿತು. ಅದರ ಪ್ರಕಾರ ಪ್ರತಿ ಲೀಟರಿಗೆ ತೇಲುವ ಘನವಸ್ತು 30 ಮಿಲಿಗ್ರಾಮನ್ನೂ ಜೈವಿಕ ಆಮ್ಲಜನಕ ಬೇಡಿಕೆ 20 ಮಿಲಿಗ್ರಾಮನ್ನೂ ಮೀರಬಾರದಾಗಿತ್ತು. ಕಡಿಮೆ ಜಾಗದಲ್ಲಿ ಈ ಮಟ್ಟವನ್ನು ತಲುಪುವ ವಿಧಾನದ ಹುಡುಕಾಟವು ಇದರಿಂದ ಚುರುಕುಗೊಂಡಿತು.

ಲಾರೆನ್ಸ್ ಪ್ರಯೋಗ ಕೇಂದ್ರಕ್ಕೆ ಭೇಟಿ

ನ್ಯೂಯಾರ್ಕ್ ಬಂದರಿನ ನೀರಿನ ಮಾಲಿನ್ಯದ ವಿಷಯದಲ್ಲಿ ಸಲಹೆ ನೀಡಲು ಫೌಲರ್ 1912ರಲ್ಲಿ ಅಮೆರಿಕಕ್ಕೆ ತೆರಳಿದರು. ಆ ಸಂದರ್ಭದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪ್ರಯೋಗ ಕೇಂದ್ರವನ್ನು ನೋಡಿದರು. ಮೆರಿಮ್ಯಾಕ್ ನದಿಯ ದಡದಲ್ಲಿ 1887ರಲ್ಲಿ ಸ್ಥಾಪನೆಯಾಗಿದ್ದ ಈ ಕೇಂದ್ರವು ನೀರು ಮತ್ತು ಕೊಳಚೆಯ ಸಂಶೋಧನೆಗೆ ಹೆಸರಾಗಿತ್ತು. ಅಲ್ಲಿ ಎಚ್. ಡಬ್ಲ್ಯು. ಕ್ಲಾರ್ಕ್ ಮತ್ತು ಎಸ್. ಗೇಜ್ ಎಂಬ ಸಂಶೋಧಕರು ಸೀಸೆಗಳಲ್ಲಿಯೂ ಸ್ಲೇಟ್ ಕಲ್ಲಿನ ಹಲಗೆಗಳನ್ನು ಜೋಡಿಸಿದ ತೊಟ್ಟಿಯಲ್ಲಿಯೂ ಕೊಳಚೆ ನೀರಿಗೆ ಗಾಳಿಯನ್ನು ಹಾಯಿಸಿ, ಅದರಲ್ಲಿ ಬೆಳೆಯುವ ಜೀವಿಗಳು ನೀರನ್ನು ಹೇಗೆ ತಿಳಿಗೊಳಿಸುತ್ತವೆ ಎಂಬುದನ್ನು ಪರೀಕ್ಷಿಸುತ್ತಿದ್ದರು.

ಕೊಳಚೆಗೆ ಗಾಳಿ ಹಾಯಿಸುವ ಪ್ರಯತ್ನಗಳು ಇದಕ್ಕೂ ಮೊದಲು ನಡೆದಿದ್ದವು. ಆದರೆ ಬರೀ ಗಾಳಿಯಿಂದ ಹೆಚ್ಚಿನ ಫಲ ಸಿಕ್ಕಿರಲಿಲ್ಲ. ಜೀವಿಗಳ ರಾಶಿಯೇ ಮುಖ್ಯವೆಂಬ ಸೂಚನೆಯನ್ನು ಫೌಲರ್ ಲಾರೆನ್ಸ್‌ನಲ್ಲಿ ಕಂಡರು. ಮ್ಯಾಂಚೆಸ್ಟರ್‌ಗೆ ಮರಳಿದ ಬಳಿಕ ತಾವು ಕಂಡದ್ದನ್ನು ಡೇವಿಹ್ಯೂಮ್‌ನ ಸಹೋದ್ಯೋಗಿಗಳಾದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಅವರಿಗೆ ವಿವರಿಸಿ, ಅದೇ ಬಗೆಯ ಪ್ರಯೋಗಗಳನ್ನು ನಡೆಸುವಂತೆ ಸೂಚಿಸಿದರು.

ಎಂ-7 ಬ್ಯಾಕ್ಟೀರಿಯಾ

ಇದೇ ಅವಧಿಯಲ್ಲಿ ಫೌಲರ್ ಇನ್ನೊಂದು ಮಾರ್ಗವನ್ನೂ ಅನುಸರಿಸಿದರು. ಇ. ಮೂರ್ ಮಮ್‌ಫೋರ್ಡ್ ಎಂಬ ಮಹಿಳಾ ಸಂಶೋಧಕಿಯೊಂದಿಗೆ, ಕಬ್ಬಿಣದ ಅಂಶವುಳ್ಳ ಗಣಿಯ ನೀರಿನಿಂದ ಒಂದು ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿದರು. ಅದಕ್ಕೆ ಎಂ-7 ಎಂಬ ಹೆಸರು ಬಂದಿತು. ಕೊಳಚೆಗೆ ಈ ಜೀವಿಯನ್ನೂ ಅತ್ಯಲ್ಪ ಪ್ರಮಾಣದ ಕಬ್ಬಿಣದ ಲವಣವನ್ನೂ ಸೇರಿಸಿ ಗಾಳಿ ಹಾಯಿಸಿದಾಗ, ತೇಲುವ ಗಷ್ಟು ಕಬ್ಬಿಣದೊಂದಿಗೆ ಒಂದುಗೂಡಿ ತಳಕ್ಕಿಳಿಯುತ್ತಿತ್ತು. ಮೇಲೆ ತಿಳಿನೀರು ಉಳಿಯುತ್ತಿತ್ತು. 1913ರಲ್ಲಿ ಪ್ರಕಟವಾದ ಈ ವಿಧಾನದಲ್ಲಿ ನೀರು ತಿಳಿಯಾದರೂ ಅಮೋನಿಯಾ ಹಾಗೆಯೇ ಉಳಿಯುತ್ತಿತ್ತು. ಹಾಗಾಗಿ ಪೂರ್ಣ ಶುದ್ಧೀಕರಣಕ್ಕೆ ಮತ್ತೆ ಸೋಸುವ ಪಾತಿಗಳೇ ಬೇಕಾಗಿದ್ದವು. ಒಂದೇ ಜಾತಿಯ ಜೀವಿಗಿಂತ ಕೊಳಚೆಯಲ್ಲಿ ತಾನಾಗಿಯೇ ನೆಲೆಗೊಳ್ಳುವ ಅನೇಕ ಜೀವಿಗಳ ಸಮುದಾಯವೇ ಹೆಚ್ಚು ಸಮರ್ಥವೆಂಬುದು ಶೀಘ್ರದಲ್ಲೇ ಆರ್ಡರ್ನ್ ಮತ್ತು ಲಾಕೆಟ್ ಅವರ ಪ್ರಯೋಗಗಳಿಂದ ಸ್ಪಷ್ಟವಾಯಿತು.

ಸಕ್ರಿಯ ಕೆಸರು ವಿಧಾನ

ಆರ್ಡರ್ನ್ ಮತ್ತು ಲಾಕೆಟ್ ಮ್ಯಾಂಚೆಸ್ಟರ್‌ನ ಕೊಳಚೆಯನ್ನು ಸೀಸೆಗಳಲ್ಲಿ ತುಂಬಿ, ಬೆಳಕು ತಾಗದಂತೆ ಮುಚ್ಚಿ, ನಿರಂತರವಾಗಿ ಗಾಳಿ ಹಾಯಿಸಿದರು. ಮೊದಲ ಬಾರಿ ಅಮೋನಿಯಾ ಪೂರ್ಣವಾಗಿ ನೈಟ್ರೇಟ್ ಆಗಲು ಸುಮಾರು ಐದು ವಾರಗಳು ಬೇಕಾದವು. ಇಷ್ಟು ನಿಧಾನವಾದ ಕ್ರಿಯೆಯು ನಗರಕ್ಕೆ ಉಪಯೋಗವಿರಲಿಲ್ಲ. ಆದರೆ ಅವರು ತಳದಲ್ಲಿ ನಿಂತ ಕೆಸರನ್ನು ಚೆಲ್ಲಲಿಲ್ಲ. ಮೇಲಿನ ತಿಳಿನೀರನ್ನಷ್ಟೇ ತೆಗೆದು, ಅದೇ ಕೆಸರಿನ ಮೇಲೆ ಹೊಸ ಕೊಳಚೆಯನ್ನು ಸುರಿದು ಮತ್ತೆ ಗಾಳಿ ಹಾಯಿಸಿದರು. ಹೀಗೆ ಪುನರಾವರ್ತಿಸಿದಂತೆ ಕೆಸರಿನ ಪ್ರಮಾಣ ಹೆಚ್ಚಿತು, ಶುದ್ಧೀಕರಣಕ್ಕೆ ಬೇಕಾದ ಸಮಯ ಕಡಿಮೆಯಾಗುತ್ತ ಬಂದಿತು. ಕೊನೆಗೆ ವಾರಗಳ ಕೆಲಸವು ಗಂಟೆಗಳಲ್ಲಿ ಮುಗಿಯತೊಡಗಿತು. ಜೀವಂತ ಸೂಕ್ಷ್ಮಜೀವಿಗಳಿಂದ ತುಂಬಿದ್ದ ಈ ಕೆಸರಿಗೆ ಅವರು ಸಕ್ರಿಯ ಕೆಸರು ಎಂಬ ಅರ್ಥದ ಹೆಸರನ್ನಿಟ್ಟರು.

1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರ್‌ನ ಗ್ರ್ಯಾಂಡ್ ಹೋಟೆಲಿನಲ್ಲಿ ನಡೆದ ರಾಸಾಯನಿಕ ಕೈಗಾರಿಕಾ ಸಂಘದ ಸಭೆಯಲ್ಲಿ ಈ ಪ್ರಯೋಗಗಳ ವಿವರಗಳನ್ನು ಮಂಡಿಸಲಾಯಿತು. ಪ್ರಬಂಧದ ಲೇಖಕರು ಆರ್ಡರ್ನ್ ಮತ್ತು ಲಾಕೆಟ್. ಫೌಲರ್ ಅವರ ಹೆಸರು ಲೇಖಕರ ಸಾಲಿನಲ್ಲಿ ಇಲ್ಲದಿದ್ದರೂ, ಪ್ರಯೋಗದ ಪ್ರೇರಣೆ ಅವರಿಂದ ಬಂದುದನ್ನು ಲೇಖಕರು ಸ್ಮರಿಸಿದ್ದಾರೆ. ಹೀಗಾಗಿ ಸಕ್ರಿಯ ಕೆಸರು ವಿಧಾನದ ಶೋಧವನ್ನು ಒಬ್ಬರಿಗೇ ಸಲ್ಲಿಸದೆ, ಕ್ಲಾರ್ಕ್ ಮತ್ತು ಗೇಜ್ ಅವರ ಆರಂಭಿಕ ಪ್ರಯೋಗ, ಫೌಲರ್ ಅವರ ಗ್ರಹಿಕೆ, ಆರ್ಡರ್ನ್ ಮತ್ತು ಲಾಕೆಟ್ ಅವರ ಪರಿಶ್ರಮ ಇವು ಮೂರೂ ಕೂಡಿದ ಫಲವೆಂದು ಪರಿಗಣಿಸುವುದು ಸೂಕ್ತ.

ಈ ವಿಧಾನವು ಬೇಗನೆ ಹರಡಿತು. 1916ರ ವೇಳೆಗೆ ಇಂಗ್ಲೆಂಡಿನ ವೂಸ್ಟರ್ ಮತ್ತು ಅಮೆರಿಕದ ಟೆಕ್ಸಸ್ ಪ್ರಾಂತಗಳಲ್ಲಿ ದೊಡ್ಡ ಪ್ರಮಾಣದ ಘಟಕಗಳು ಆರಂಭವಾದವು. ಅಮೆರಿಕದ ಮಿಲ್ವಾಕೀ ನಗರವು 1925ರಲ್ಲಿ ಬೃಹತ್ ಘಟಕವನ್ನು ಆರಂಭಿಸಿ, ಮರುವರ್ಷದಿಂದ ಅದರ ಕೆಸರನ್ನು ಒಣಗಿಸಿ ಮಿಲಾರ್ಗನೈಟ್ ಎಂಬ ಹೆಸರಿನಲ್ಲಿ ಗೊಬ್ಬರವಾಗಿ ಮಾರಾಟ ಮಾಡತೊಡಗಿತು.

ಬೆಂಗಳೂರಿನಲ್ಲಿ

ಜೆಮ್‌ಶೆಡ್‌ಜಿ ಟಾಟಾ ಅವರ ದತ್ತಿಯಿಂದಲೂ ಮೈಸೂರು ಸಂಸ್ಥಾನವು ನೀಡಿದ ಭೂಮಿಯಿಂದಲೂ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯು 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಫೌಲರ್ 1916ರಲ್ಲಿ ಅಲ್ಲಿಗೆ ಬಂದಾಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆ ಮತ್ತು ಸರ್ ಎಂ. ವಿಶ್ವೇಶ್ವರಯ್ಯ ಅವರ ದಿವಾನಗಿರಿಯ ಕಾಲವದು. ಸ್ಥಳೀಯ ಕಚ್ಚಾವಸ್ತುಗಳನ್ನು ಕೈಗಾರಿಕೆಗೆ ಬಳಸುವ ಪ್ರಯತ್ನಗಳು ಸಂಸ್ಥೆಯ ಪ್ರಯೋಗಾಲಯಗಳಲ್ಲಿ ಭರದಿಂದ ಸಾಗಿದ್ದವು. ಫೌಲರ್ ಅವರ ಸಹಪ್ರಾಧ್ಯಾಪಕರಾದ ಜೆ. ಜೆ. ಸಡ್‌ಬರೋ ಮುಂತಾದವರು ಶ್ರೀಗಂಧದ ಎಣ್ಣೆಯ ಉದ್ಯಮಕ್ಕೆ ನೆರವಾಗಿದ್ದರು.

ಸ್ಫೋಟಕಗಳ ತಯಾರಿಕೆಗೆ ಬೇಕಾದ ಅಸಿಟೋನ್ ದ್ರವಕ್ಕೆ ಯುದ್ಧಕಾಲದಲ್ಲಿ ಅಪಾರ ಬೇಡಿಕೆಯಿತ್ತು. ಧಾನ್ಯವನ್ನು ಬ್ಯಾಕ್ಟೀರಿಯಾಗಳಿಂದ ಹುದುಗಿಸಿ ಅಸಿಟೋನ್ ಪಡೆಯುವ ಕುರಿತು ಫೌಲರ್ ಮತ್ತು ಅವರ ವಿದ್ಯಾರ್ಥಿಗಳು ಸಂಶೋಧಿಸಿದರು. ನಾಸಿಕ್‌ನಲ್ಲಿ ಸ್ಥಾಪಿಸಲಾದ ಅಸಿಟೋನ್ ಕಾರ್ಖಾನೆಯ ಯೋಜನೆಗೆ ಈ ಸಂಶೋಧನೆ ಆಧಾರವಾಯಿತು. ಹಿಪ್ಪೆ ಹೂವಿನಿಂದ ಮದ್ಯಸಾರ ತೆಗೆಯುವುದು ಮತ್ತು ಅರಗಿನ ಹುಳುವಿನ ಜೀವನಕ್ರಮ ಅವರ ಗುಂಪು ಅಧ್ಯಯನ ಮಾಡಿದ ಇತರ ವಿಷಯಗಳು. ಮೈಸೂರು ಸೀಮೆಯ ಎಂ. ಶ್ರೀನಿವಾಸಯ್ಯ ಅವರು ಅರಗಿನ ಅಧ್ಯಯನದಲ್ಲಿ ಫೌಲರ್ ಅವರ ಸಹವರ್ತಿಯಾಗಿದ್ದರು.

ಸಂಸ್ಥೆಯಲ್ಲಿ ಫೌಲರ್ ಸಕ್ರಿಯ ಕೆಸರು ವಿಧಾನದ ಪ್ರಯೋಗಗಳನ್ನು ಮುಂದುವರಿಸಿದರು. ಭಾರತದ ಬೆಚ್ಚನೆಯ ಹವೆಯು ನೈಟ್ರೀಕರಣಕ್ಕೆ ಅನುಕೂಲಕರ. ಉಷ್ಣಾಂಶ ಏರಿದಂತೆ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಜೀವಿಗಳು ವೇಗವಾಗಿ ವೃದ್ಧಿಯಾಗುತ್ತವೆ. ಇಂಗ್ಲೆಂಡಿನ ಚಳಿಗಾಲದಲ್ಲಿ ಕುಂಠಿತಗೊಳ್ಳುವ ಈ ಕ್ರಿಯೆ ಇಲ್ಲಿ ವರ್ಷವಿಡೀ ನಡೆಯಬಲ್ಲುದು. ಚೀನಾದ ಶಾಂಘಾಯ್ ನಗರಸಭೆಯು ತನ್ನ ಕೊಳಚೆ ವ್ಯವಸ್ಥೆಯನ್ನು ರೂಪಿಸುವಾಗ ಫೌಲರ್ ಅವರ ಸಲಹೆ ಪಡೆಯಿತು. 1920ರ ದಶಕದಲ್ಲಿ ಅಲ್ಲಿ ಸಕ್ರಿಯ ಕೆಸರು ಘಟಕಗಳು ನಿರ್ಮಾಣವಾದವು.

ಸಾರಜನಕ ಸಂರಕ್ಷಣೆಯ ಚಿಂತನೆ

1898ರಲ್ಲಿ ವಿಜ್ಞಾನಿ ವಿಲಿಯಂ ಕ್ರುಕ್ಸ್, ಗೋಧಿ ಬೆಳೆಗೆ ಬೇಕಾದ ಸಾರಜನಕ ಗೊಬ್ಬರವು ಮುಂದೆ ಸಾಲದಾಗುವುದೆಂದು ಬ್ರಿಸ್ಟಲ್‌ನಲ್ಲಿ ಎಚ್ಚರಿಸಿದ್ದರು. ಯುರೋಪು ಆಗ ಚಿಲಿ ದೇಶದ ನೈಟ್ರೇಟ್ ನಿಕ್ಷೇಪಗಳನ್ನು ಅವಲಂಬಿಸಿತ್ತು. ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸುವ ಹೇಬರ್ ವಿಧಾನದ ಕಾರ್ಖಾನೆಯು 1913ರಲ್ಲಿ ಜರ್ಮನಿಯಲ್ಲಿ ಆರಂಭವಾಯಿತಾದರೂ, ಅದರ ಉತ್ಪನ್ನವು ಭಾರತದ ಸಾಮಾನ್ಯ ರೈತನಿಗೆ ಎಟಕುವಂತಿರಲಿಲ್ಲ. ಈ ಹಿನ್ನೆಲೆಯಲ್ಲಿ ನಗರಗಳು ಪ್ರತಿದಿನ ನದಿಗೆ ಚೆಲ್ಲುವ ಸಾರಜನಕವನ್ನು ಫೌಲರ್ ರಾಷ್ಟ್ರೀಯ ನಷ್ಟವೆಂದು ಕಂಡರು. ಹೊಲದಿಂದ ಆಹಾರವಾಗಿ ನಗರಕ್ಕೆ ಬಂದ ಸಾರಜನಕವು ಕೊಳಚೆಯಾಗಿ ಹೊರಟು ಹೊಲಕ್ಕೆ ಮರಳದಿದ್ದರೆ ಮಣ್ಣು ಬಡವಾಗುತ್ತದೆ ಎಂಬುದು ಅವರ ವಾದದ ತಿರುಳು.

ಸಕ್ರಿಯ ಕೆಸರಿನಲ್ಲಿ ಸಾಮಾನ್ಯ ಕೊಳಚೆ ಗಷ್ಟಿಗಿಂತ ಹೆಚ್ಚು ಸಾರಜನಕ ಇರುವುದರಿಂದ ಅದು ಉತ್ತಮ ಗೊಬ್ಬರವಾಗುತ್ತದೆ. ಇದೇ ತತ್ತ್ವವನ್ನು ಘನತ್ಯಾಜ್ಯಕ್ಕೂ ಅನ್ವಯಿಸಿ, ಫೌಲರ್ ಮತ್ತು ರೇಗೆ ಬೆಂಗಳೂರಿನಲ್ಲಿ 1922ರ ಸುಮಾರಿಗೆ ಸಕ್ರಿಯ ಕಾಂಪೋಸ್ಟ್ ವಿಧಾನವನ್ನು ರೂಪಿಸಿದರು. ಚೆನ್ನಾಗಿ ಕೊಳೆಯುತ್ತಿರುವ ಗೊಬ್ಬರದ ರಾಶಿಯನ್ನು ಹೆಪ್ಪಿನಂತೆ ಬಳಸಿ, ಅದರೊಂದಿಗೆ ಹೊಸ ಕಸಕಡ್ಡಿಯನ್ನು ಹಂತಹಂತವಾಗಿ ಬೆರೆಸುವುದು ಈ ವಿಧಾನದ ಮುಖ್ಯಾಂಶ. ಹಾಲಿಗೆ ಹೆಪ್ಪು ಹಾಕಿದಂತೆ, ಹಳೆಯ ರಾಶಿಯಲ್ಲಿರುವ ಜೀವಿಗಳು ಹೊಸ ಕಸವನ್ನು ಬೇಗನೆ ಆವರಿಸಿಕೊಳ್ಳುತ್ತವೆ. ಸೀಸೆಯ ತಳದ ಕೆಸರನ್ನು ಉಳಿಸಿಕೊಂಡ ಮ್ಯಾಂಚೆಸ್ಟರ್‌ನ ಪ್ರಯೋಗಕ್ಕೂ ಇದಕ್ಕೂ ಇರುವ ಹೋಲಿಕೆ ಸ್ಪಷ್ಟ. ಸಾವಯವ ಕೃಷಿಯ ಪ್ರವರ್ತಕ ಆಲ್ಬರ್ಟ್ ಹೊವಾರ್ಡ್ ಅವರು ಇಂದೋರ್ ಕಾಂಪೋಸ್ಟ್ ವಿಧಾನವನ್ನು ವಿವರಿಸುವ 1931ರ ತಮ್ಮ ಗ್ರಂಥದಲ್ಲಿ ಬೆಂಗಳೂರಿನ ಈ ಕಾರ್ಯವನ್ನು ಪ್ರಸ್ತಾಪಿಸಿದ್ದಾರೆ.

ನಂತರದ ವರ್ಷಗಳು

ಫೌಲರ್ 1924ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಹುದ್ದೆಯಿಂದ ನಿರ್ಗಮಿಸಿದರು. ರೋಲಂಡ್ ವಿ. ನಾರಿಸ್ ಅವರ ಸ್ಥಾನಕ್ಕೆ ಬಂದರು. ಆನಂತರ ಫೌಲರ್ ಕಾನ್ಪುರದ ಹಾರ್ಕೋರ್ಟ್ ಬಟ್ಲರ್ ತಾಂತ್ರಿಕ ಸಂಸ್ಥೆಯ ಪ್ರಾಂಶುಪಾಲರಾಗಿ ಕೆಲಸ ಮಾಡಿದರು. ಸಾರಜನಕದ ಕುರಿತ ತಮ್ಮ ದೀರ್ಘಕಾಲದ ಅಧ್ಯಯನವನ್ನು 1934ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. 1953ರಲ್ಲಿ ನಿಧನರಾದರು.

ಕೃತಿಗಳು

ಕೊಳಚೆ ಘಟಕಗಳ ರಾಸಾಯನಿಕ ವಿಶ್ಲೇಷಣೆಗೆ ಸಂಬಂಧಿಸಿದ ಅವರ ಕೈಪಿಡಿಯು 1902ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಾ ಮತ್ತು ಕಿಣ್ವಗಳ ರಸಾಯನಶಾಸ್ತ್ರಕ್ಕೆ ಪ್ರವೇಶಿಕೆಯಾದ ಪಠ್ಯಗ್ರಂಥವು 1911ರಲ್ಲಿ ಹೊರಬಂದಿತು. ಸಾರಜನಕ ಸಂರಕ್ಷಣೆಯ ಜೀವರಸಾಯನಶಾಸ್ತ್ರವನ್ನು ಪರಿಚಯಿಸುವ ಗ್ರಂಥವು 1934ರದು. ಈ ಮೂರು ಪುಸ್ತಕಗಳು ಅವರ ಆಸಕ್ತಿಯು ಬೆಳೆದ ಕ್ರಮವನ್ನು ಸೂಚಿಸುತ್ತವೆ. ಮೊದಲನೆಯದು ಕೊಳಚೆಯನ್ನು ಅಳೆಯುವುದನ್ನೂ, ಎರಡನೆಯದು ಅದರಲ್ಲಿನ ಜೀವಿಗಳ ಕ್ರಿಯೆಯನ್ನೂ, ಮೂರನೆಯದು ಅದರಲ್ಲಿರುವ ಪೋಷಕಾಂಶದ ಸದುಪಯೋಗವನ್ನೂ ಕುರಿತದ್ದಾಗಿದೆ.

ಬೆಂಗಳೂರಿನಲ್ಲಿ ಮುಂದುವರಿದ ಸಂಶೋಧನೆ

ಫೌಲರ್ ಆರಂಭಿಸಿದ ವಿಭಾಗದಲ್ಲಿ ಕೊಳಚೆ ಮತ್ತು ಗೊಬ್ಬರದ ಸಂಶೋಧನೆಯು ಅವರ ನಂತರವೂ ನಡೆಯಿತು. ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ, ನಗರದ ಕಸ ಮತ್ತು ಮಲವನ್ನು ಗುಂಡಿಗಳಲ್ಲಿ ಪದರಪದರವಾಗಿ ತುಂಬಿ ಗೊಬ್ಬರ ಮಾಡುವ ಪದ್ಧತಿಯು ಬೆಂಗಳೂರು ವಿಧಾನವೆಂದೇ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆದಿದೆ. ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ ಅವರು ಸಕ್ರಿಯ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳಷ್ಟೇ ಅಲ್ಲದೆ ಪ್ರೊಟೊಜೋವಾ ಎಂಬ ಏಕಕೋಶ ಜೀವಿಗಳೂ ಮಹತ್ವದ ಪಾತ್ರ ವಹಿಸುತ್ತವೆ ಎಂದು ಪ್ರತಿಪಾದಿಸಿ 1942ರಲ್ಲಿ ನೇಚರ್ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಸುಬ್ರಹ್ಮಣ್ಯನ್ ಮುಂದೆ ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರಾದರು.

ಸೀಸೆಯಿಂದ ಗಣಕಯಂತ್ರದವರೆಗೆ

ಫೌಲರ್ ಅವರ ಕಾಲದಲ್ಲಿ ಶುದ್ಧೀಕರಣ ಘಟಕಗಳ ವಿನ್ಯಾಸವು ಪ್ರಯೋಗ ಮತ್ತು ಅನುಭವವನ್ನು ಆಧರಿಸಿತ್ತು. ಜೀವಿಗಳ ಬೆಳವಣಿಗೆಯ ವೇಗವು ಆಹಾರದ ಸಾಂದ್ರತೆಯೊಂದಿಗೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಜಾಕ್ ಮೊನೊ 1940ರ ದಶಕದಲ್ಲಿ ಗಣಿತ ಸಮೀಕರಣ ನೀಡಿದರು. 1960ರ ದಶಕದಲ್ಲಿ ಬ್ರಿಟನ್ನಿನ ಡೌನಿಂಗ್ ಮತ್ತು ಸಂಗಡಿಗರು ಅದೇ ತತ್ತ್ವವನ್ನು ನೈಟ್ರೀಕರಣಕ್ಕೆ ಅನ್ವಯಿಸಿದರು. ನೈಟ್ರೀಕರಣ ಮಾಡುವ ಜೀವಿಗಳು ನಿಧಾನವಾಗಿ ವೃದ್ಧಿಯಾಗುವುದರಿಂದ, ಅವು ಇಮ್ಮಡಿಗೊಳ್ಳುವ ಮೊದಲೇ ಕೆಸರನ್ನು ಹೊರಹಾಕಿದರೆ ಘಟಕದಲ್ಲಿ ಅವು ಉಳಿಯುವುದಿಲ್ಲ. ಆರ್ಡರ್ನ್ ಮತ್ತು ಲಾಕೆಟ್ ಕೆಸರನ್ನು ಉಳಿಸಿಕೊಂಡಾಗ ಫಲ ದೊರೆತುದರ ಕಾರಣವು ಈ ಲೆಕ್ಕಾಚಾರದಿಂದ ವಿಶದವಾಯಿತು.

1987ರಲ್ಲಿ ಡೆನ್ಮಾರ್ಕಿನ ಮೊಗೆನ್ಸ್ ಹೆನ್ಜೆ ನೇತೃತ್ವದ ಅಂತರರಾಷ್ಟ್ರೀಯ ತಂಡವು ಸಕ್ರಿಯ ಕೆಸರು ಮಾದರಿ 1 ಎಂಬ ಗಣಿತ ಮಾದರಿಯನ್ನು ಪ್ರಕಟಿಸಿತು. ಸಂಕ್ಷಿಪ್ತವಾಗಿ ಎಎಸ್‌ಎಂ-1 ಎನ್ನಲಾಗುವ ಇದರಲ್ಲಿ 13 ಘಟಕಾಂಶಗಳೂ 8 ಕ್ರಿಯೆಗಳೂ ಇವೆ. ಇಂಗಾಲದ ಉತ್ಕರ್ಷಣ, ಅಮೋನಿಯಾವನ್ನು ನೈಟ್ರೇಟ್ ಆಗಿಸುವ ನೈಟ್ರೀಕರಣ, ಆಮ್ಲಜನಕವಿಲ್ಲದ ಕಡೆ ನೈಟ್ರೇಟನ್ನು ಸಾರಜನಕ ಅನಿಲವಾಗಿಸುವ ವಿನೈಟ್ರೀಕರಣ ಇವೆಲ್ಲವನ್ನೂ ಅದು ಒಟ್ಟಿಗೆ ಲೆಕ್ಕಹಾಕುತ್ತದೆ. ರಂಜಕವನ್ನೂ ಒಳಗೊಂಡ ಎರಡನೆಯ ಮಾದರಿ 1995ರಲ್ಲಿ ಬಂದಿತು.

ಇಂಥ ಮಾದರಿಗಳ ಉಪಯೋಗವೆಂದರೆ, ತೊಟ್ಟಿಯನ್ನು ಕಟ್ಟುವ ಅಥವಾ ಬದಲಿಸುವ ಮೊದಲೇ ಗಣಕಯಂತ್ರದಲ್ಲಿ ಅದರ ನಡವಳಿಕೆಯನ್ನು ಪರೀಕ್ಷಿಸಬಹುದು. ಒಂದು ಗ್ರಾಂ ಅಮೋನಿಯಾ ಸಾರಜನಕವು ನೈಟ್ರೇಟ್ ಆಗಲು ಸುಮಾರು 4.57 ಗ್ರಾಂ ಆಮ್ಲಜನಕ ಬೇಕು. ಘಟಕದ ವಿದ್ಯುತ್ತಿನ ದೊಡ್ಡ ಪಾಲು ಗಾಳಿ ಊದುವ ಯಂತ್ರಗಳಿಗೇ ಖರ್ಚಾಗುವುದರಿಂದ ಇದು ದುಬಾರಿ ಕ್ರಿಯೆ. ಗಾಳಿಯಿಲ್ಲದ ತೊಟ್ಟಿಗೆ ನೈಟ್ರೇಟ್‌ಯುಕ್ತ ನೀರನ್ನು ಮರಳಿಸಿದರೆ, ಅಲ್ಲಿ ಪ್ರತಿ ಗ್ರಾಂ ನೈಟ್ರೇಟ್ ಸಾರಜನಕಕ್ಕೆ 2.86 ಗ್ರಾಂ ಆಮ್ಲಜನಕಕ್ಕೆ ಸಮನಾದ ಉಳಿತಾಯವಾಗುತ್ತದೆ. ಯಾವ ತೊಟ್ಟಿಗೆ ಎಷ್ಟು ಗಾಳಿ, ಎಷ್ಟು ನೀರಿನ ಮರುಹರಿವು, ಎಷ್ಟು ದಿನದ ಕೆಸರು ಎಂಬುದನ್ನು ಮಾದರಿಯ ಸಹಾಯದಿಂದ ನಿರ್ಧರಿಸಿ, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಸಾರಜನಕವನ್ನು ತೆಗೆಯಬಹುದು. ಆದರೆ ಎಎಸ್‌ಎಂ-1 ಸೂಚಿಸುವ ರೂಢಿಯ ಮೌಲ್ಯಗಳು 10 ಮತ್ತು 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶಗಳಿಗೆ ಸಂಬಂಧಿಸಿದವು. ದಕ್ಷಿಣ ಭಾರತದ ಬೆಚ್ಚನೆಯ ಕೊಳಚೆಗೆ ಅವನ್ನು ಸ್ಥಳೀಯ ಅಳತೆಗಳಿಂದ ಹೊಂದಿಸಿಕೊಳ್ಳುವುದು ಅವಶ್ಯಕ.

ಕಬಿನಿ ಮತ್ತು ಕಾವೇರಿ ತೀರದಲ್ಲಿ ಪ್ರಸ್ತುತತೆ

ಫೌಲರ್ ಅವರ ಚಿಂತನೆಗೆ ಹಳೆಯ ಮೈಸೂರು ಸೀಮೆಯಲ್ಲಿ ಇಂದು ವಿಶೇಷ ಅರ್ಥವಿದೆ. ಮೈಸೂರು ನಗರದ ದಕ್ಷಿಣ ಭಾಗದ ಚರಂಡಿ ನೀರು ದಳವಾಯಿ ಕೆರೆಯ ಕಣಿವೆಯ ಮೂಲಕ ಕಬಿನಿಯ ಕಡೆಗೆ ಹರಿಯುತ್ತದೆ. ಕಪಿಲೆ ಎಂದೂ ಕರೆಯಲಾಗುವ ಕಬಿನಿಯ ದಡದ ನಂಜನಗೂಡು ಶ್ರೀಕಂಠೇಶ್ವರನ ಯಾತ್ರಾಸ್ಥಳವೂ ದೊಡ್ಡ ಕೈಗಾರಿಕಾ ಪ್ರದೇಶವೂ ಆಗಿದೆ. ಅಲ್ಲಿಂದ ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಬಿನಿಯು ಕಾವೇರಿಯನ್ನು ಕೂಡುತ್ತದೆ. ಗುಪ್ತಗಾಮಿನಿಯೆಂದು ನಂಬಲಾದ ಸ್ಫಟಿಕ ಸರೋವರವನ್ನೂ ಸೇರಿಸಿ ಇದನ್ನು ತ್ರಿವೇಣಿ ಸಂಗಮವೆನ್ನುತ್ತಾರೆ. 1989ರಿಂದ ಇಲ್ಲಿ ಮೂರು ವರ್ಷಗಳಿಗೊಮ್ಮೆ ಕುಂಭಮೇಳ ನಡೆಯುತ್ತ ಬಂದಿದ್ದು, ಸಾವಿರಾರು ಜನರು ಪುಣ್ಯಸ್ನಾನ ಮಾಡುತ್ತಾರೆ.

ನಂಜನಗೂಡು ಪಟ್ಟಣವು ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯ ವ್ಯಾಪ್ತಿಗೆ ಸೇರಿತ್ತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಗುರುತಿಸಿದ ಕಲುಷಿತ ನದಿಪಾತ್ರಗಳಲ್ಲಿ ನಂಜನಗೂಡಿನಿಂದ ಹೆಜ್ಜಿಗೆಯವರೆಗಿನ ಕಬಿನಿಯೂ ಸೇರಿದೆ. ಕೊಳಚೆಯ ಗಷ್ಟನ್ನು ತೆಗೆದ ಮಾತ್ರಕ್ಕೆ ನದಿ ಸುರಕ್ಷಿತವಾಗುವುದಿಲ್ಲ. ತಿಳಿಯಾಗಿ ಕಾಣುವ ನೀರಿನಲ್ಲಿ ಉಳಿಯುವ ಸಾರಜನಕ ಮತ್ತು ರಂಜಕವು ನಿಂತ ನೀರಿನಲ್ಲಿ ಪಾಚಿಯನ್ನೂ ಅಂತರಗಂಗೆಯನ್ನೂ ಬೆಳೆಸುತ್ತವೆ. ಅವು ಕೊಳೆತಾಗ ನೀರಿನ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ. ಅಮೋನಿಯಾವು ಜಲಚರಗಳಿಗೆ ನೇರವಾಗಿಯೇ ವಿಷಕಾರಿ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2019ರ ಏಪ್ರಿಲ್‌ನಲ್ಲಿ ಕೊಳಚೆ ಶುದ್ಧೀಕರಣ ಘಟಕಗಳ ಮಾನದಂಡಗಳನ್ನು ಬಿಗಿಗೊಳಿಸಿದಾಗ, ಒಟ್ಟು ಸಾರಜನಕಕ್ಕೆ ಪ್ರತಿ ಲೀಟರಿಗೆ 10 ಮಿಲಿಗ್ರಾಂ ಮತ್ತು ಒಟ್ಟು ರಂಜಕಕ್ಕೆ 1 ಮಿಲಿಗ್ರಾಂ ಎಂಬ ಮಿತಿಗಳೂ ಅದರಲ್ಲಿ ಸೇರಿದ್ದವು. ಇಂಥ ಮಿತಿಗಳನ್ನು ತಲುಪಲು ಘಟಕದ ಪ್ರತಿಯೊಂದು ಹಂತವನ್ನು ಲೆಕ್ಕವಿಟ್ಟು ನಡೆಸಬೇಕಾಗುತ್ತದೆ. ಗಣಕ ಮಾದರಿಗಳ ಮಹತ್ವ ಇಲ್ಲಿಯೇ ಇದೆ.

ಮೌಲ್ಯಮಾಪನ

ಫೌಲರ್ ಅವರ ಹೆಸರು ವಿಜ್ಞಾನದ ಇತಿಹಾಸದಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಅವರ ಹೆಸರುಗಳ ಹಿಂದೆ ನಿಲ್ಲುತ್ತದೆ. ಆದರೂ ಎರಡು ದೃಷ್ಟಿಗಳಿಂದ ಅವರ ಸ್ಥಾನ ವಿಶಿಷ್ಟವಾಗಿದೆ. ಕೊಳಚೆ ಶುದ್ಧೀಕರಣವನ್ನು ಕಟ್ಟಡ ಕಾಮಗಾರಿಯಾಗಿ ಮಾತ್ರ ನೋಡದೆ, ಜೀವಂತ ಕ್ರಿಯೆಯಾಗಿ ಅಧ್ಯಯನ ಮಾಡಿದ ಮೊದಲ ತಲೆಮಾರಿನವರಲ್ಲಿ ಅವರು ಒಬ್ಬರು. ಆ ಅಧ್ಯಯನವನ್ನು ಭಾರತದಲ್ಲಿ ಒಂದು ಶಾಸ್ತ್ರವಿಭಾಗವಾಗಿ ನೆಲೆಗೊಳಿಸಿದವರೂ ಅವರೇ.

ಅವರು ಆರಂಭಿಸಿದ ಎರಡು ಧಾರೆಗಳ ನಡುವೆ ಒಂದು ವೈರುದ್ಧ್ಯವೂ ಉಳಿದಿದೆ. ಇಂದಿನ ಅನೇಕ ಘಟಕಗಳು ಕೊಳಚೆಯ ಸಾರಜನಕವನ್ನು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಅದೇ ಹೊತ್ತಿಗೆ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸಲು ಕಾರ್ಖಾನೆಗಳು ಅಪಾರ ಇಂಧನವನ್ನು ಸುಡುತ್ತವೆ. ನದಿಯನ್ನು ರಕ್ಷಿಸುವುದಕ್ಕೆ ಮೊದಲ ಮಾರ್ಗ ಅನಿವಾರ್ಯವಾಗಿರುವಲ್ಲಿಯೂ, ಸಾರಜನಕವನ್ನು ಹೊಲಕ್ಕೆ ಮರಳಿಸಬೇಕೆಂಬ ಫೌಲರ್ ಅವರ ಆಶಯವು ಇನ್ನೂ ಪೂರ್ಣವಾಗಿ ಈಡೇರಿಲ್ಲ. ಸಂಸ್ಕರಿಸಿದ ನೀರನ್ನು ನೀರಾವರಿಗೆ ಬಳಸುವುದು, ಕೈಗಾರಿಕಾ ಲೋಹಗಳಿಲ್ಲದ ಕೆಸರನ್ನು ಗೊಬ್ಬರವಾಗಿಸುವುದು ಮತ್ತು ಕೊಳಚೆಯಿಂದ ರಂಜಕವನ್ನು ಹರಳಿನ ರೂಪದಲ್ಲಿ ಮರಳಿ ಪಡೆಯುವುದು ಇಂದಿನ ಸಂಶೋಧಕರು ಆ ದಿಕ್ಕಿನಲ್ಲಿ ಕೈಗೊಂಡಿರುವ ಮುಖ್ಯ ಪ್ರಯತ್ನಗಳಾಗಿವೆ.